ಹಿತ್ತಲಲ್ಲಿ ನಿಂತ ನೀರು: ಮೊದಲು ಮೂಲ ಹುಡುಕಿ, ಆಮೇಲೆ ಗುದ್ದಲಿ ಹಿಡಿಯಿರಿ

ಗದ್ದೆಯಲ್ಲಿ ನೀರು ಹೆಚ್ಚಾದರೆ ನಾವು ಕೂಡಲೇ ಬದು ಕಡಿದು ಹೊರಕ್ಕೆ ಬಿಡುತ್ತೇವೆ. ಕಬ್ಬಿನ ತಾಕಿನಲ್ಲಿ ನೀರು ನಿಂತರೆ ಬಸಿಗಾಲುವೆ ತೆಗೆಯುತ್ತೇವೆ. ಆದರೆ ದಿನವೂ ಓಡಾಡುವ ಮನೆಯ ಹಿತ್ತಲಿನಲ್ಲಿ ನೀರು ನಿಂತರೆ ಒಂದು ಹಲಗೆಯನ್ನೋ ನಾಲ್ಕು ಕಲ್ಲನ್ನೋ ಹಾಕಿಕೊಂಡು ದಾಟುತ್ತೇವೆ. ಬೇಸಿಗೆ ಬಂದರೆ ಒಣಗುತ್ತದೆ ಎಂದು ಸುಮ್ಮನಾಗುತ್ತೇವೆ. ಬೇಸಿಗೆ ಬಂದರೂ ಒಣಗದ ಹಿತ್ತಲುಗಳು ಈಗ ಕಿಕ್ಕೇರಿಯಂತಹ ಊರುಗಳಲ್ಲಿ ಹೆಚ್ಚುತ್ತಿವೆ.

ಇದನ್ನು ಸಣ್ಣ ತೊಂದರೆಯೆಂದು ತಳ್ಳಿಹಾಕಬೇಡಿ. ಹಿತ್ತಲಿನ ನೀರು ಮೊದಲು ಮನೆಯ ತಳಪಾಯವನ್ನು ನೆನೆಸುತ್ತದೆ. ತೇವವು ಗೋಡೆಯನ್ನು ಹತ್ತಿ, ಗಾರೆಯ ಮೇಲೆ ಬಿಳಿಯ ಉಪ್ಪಿನ ಹುಡಿ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಗೋಡೆಯಾದರೆ ಬುಡ ಮೆತ್ತಗಾಗಿ, ಸತತ ಮಳೆ ಹಿಡಿದ ರಾತ್ರಿ ಕುಸಿಯಲೂಬಹುದು. ನಿಂತ ಬಚ್ಚಲ ನೀರಿನಲ್ಲಿ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಮೊಟ್ಟೆಯಿಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದೂವರೆ ವಾರವೂ ಬೇಕಿಲ್ಲ. ಹಿತ್ತಲಲ್ಲಿ ಸೇದುವ ಬಾವಿಯಿದ್ದರೆ ಕೊಳಚೆ ಅದಕ್ಕೂ ಇಳಿಯುತ್ತದೆ. ಇನ್ನು ಅಲ್ಲಿರುವ ನಾಲ್ಕು ತೆಂಗು, ಒಂದು ನಿಂಬೆ, ಕರಿಬೇವು, ನುಗ್ಗೆ, ಬಾಳೆ ಇವುಗಳಲ್ಲಿ ಬೇರು ಕೊಳೆತು ಎಷ್ಟು ಉಳಿಯುತ್ತವೆ ಎಂಬುದನ್ನು ನೀವೇ ನೋಡಿರುತ್ತೀರಿ.

ನೀರು ನಿಂತಿತೆಂದರೆ ನಮ್ಮಲ್ಲಿ ಎರಡೇ ಔಷಧ. ಒಂದು, ನಾಲ್ಕು ಟ್ರ್ಯಾಕ್ಟರ್ ಮಣ್ಣು ಹೊಡೆಸುವುದು. ಇನ್ನೊಂದು, ಒಂದು ಇಂಗುಗುಂಡಿ ತೋಡುವುದು. ಕೆಲವರಿಗೆ ಇದರಿಂದ ಗುಣವಾಗುತ್ತದೆ, ಹಲವರಿಗೆ ಆಗುವುದಿಲ್ಲ. ಕಾರಣ ಸರಳವಾಗಿದೆ. ಹಿತ್ತಲಿಗೆ ನೀರು ಬರುವ ದಾರಿ ಒಂದಲ್ಲ, ಮೂರು. ಒಂದೊಂದಕ್ಕೂ ಉಪಾಯ ಬೇರೆ. ಯಾವ ನೀರು ಎಂದು ತಿಳಿಯದೆ ಮಾಡಿದ ಕೆಲಸ ಹಣವನ್ನೂ ಶ್ರಮವನ್ನೂ ನುಂಗುತ್ತದೆ.

ನೀರು ಏಕೆ ಹೆಚ್ಚಾಯಿತು?

ಮಂಡ್ಯ ಜಿಲ್ಲೆ ದಕ್ಷಿಣದ ಒಣ ವಲಯಕ್ಕೆ ಸೇರಿದ್ದು. ವರ್ಷದ ಮಳೆ ಸುಮಾರು 700 ಮಿ.ಮೀ. ಮಾತ್ರ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬೀಳುತ್ತದೆ. ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಹಿತ್ತಲು ಜೌಗಾಗಲು ಮೂರು ಬದಲಾವಣೆಗಳು ಕಾರಣ.

ಮೊದಲನೆಯದು ನಾಲೆ. ಹೇಮಾವತಿಗೆ ಮಂದಗೆರೆಯಲ್ಲಿ ಹಿಂದಿನಿಂದಲೂ ಅಣೆಕಟ್ಟೆಯಿದೆ. ಗೊರೂರಿನ ದೊಡ್ಡ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಎಡದಂಡೆ ನಾಲೆಯ ನೀರು ಕೃಷ್ಣರಾಜಪೇಟೆ ಸೀಮೆಗೆ ಬಂದಿತು. ನಾಲೆಯಲ್ಲಿ ನೀರಿದ್ದಷ್ಟು ದಿನ, ಕೆರೆ ತುಂಬಿದ್ದಷ್ಟು ದಿನ, ಅವುಗಳ ಕೆಳಗಿನ ನೆಲದಲ್ಲಿ ಅಂತರ್ಜಲ ಮೇಲೇರುತ್ತದೆ. ಬಾವಿಗೆ ಇದು ಒಳ್ಳೆಯದು, ತಗ್ಗಿನ ಹಿತ್ತಲಿಗಲ್ಲ.

ಎರಡನೆಯದು ನಲ್ಲಿ. ಬಾವಿಯಿಂದ ಸೇದಿ, ಬೀದಿ ನಲ್ಲಿಯಿಂದ ಹೊತ್ತು ತರುತ್ತಿದ್ದಾಗ ಮನೆಯಲ್ಲಿ ನೀರು ಲೆಕ್ಕದಲ್ಲಿ ಖರ್ಚಾಗುತ್ತಿತ್ತು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಮನೆಯೊಳಗೇ ಕೊಡುವ ಗುರಿ ಇಟ್ಟಿತು. ಒಳಗೆ ಬಂದ ನೀರು ಹೊರಗೂ ಹೋಗಬೇಕಲ್ಲವೆ?

ಮೂರನೆಯದು ರಸ್ತೆ. ಹಳೆಯ ರಸ್ತೆಯನ್ನು ಅಗೆದು ತೆಗೆಯದೆ ಅದರ ಮೇಲೆಯೇ ಜಲ್ಲಿ, ಅದರ ಮೇಲೆ ಕಾಂಕ್ರೀಟ್ ಹಾಕುತ್ತ ಬಂದರೆ ಪ್ರತಿ ಸಲವೂ ಬೀದಿ ಎತ್ತರವಾಗುತ್ತದೆ. ಒಂದು ಕಾಲಕ್ಕೆ ಬೀದಿಯ ಚರಂಡಿಗೆ ಹರಿಯುತ್ತಿದ್ದ ಹಿತ್ತಲಿನ ನೀರಿಗೆ ಈಗ ಆ ದಾರಿ ಇಲ್ಲ. ಮನೆಯೇ ಬಟ್ಟಲಿನ ತಳದಲ್ಲಿ ಕುಳಿತಂತಾಗಿದೆ.

ಒಂದು ಸಣ್ಣ ಲೆಕ್ಕ

30 ಅಡಿ ಅಗಲ, 40 ಅಡಿ ಉದ್ದದ ಒಂದು ಹಿತ್ತಲನ್ನು ತೆಗೆದುಕೊಳ್ಳೋಣ. ಒಂದು ಇಂಚು, ಅಂದರೆ 25 ಮಿ.ಮೀ. ಮಳೆ ಬಿದ್ದರೆ ಆ ನೆಲದ ಮೇಲೆ ಸುಮಾರು 2,800 ಲೀಟರ್ ನೀರು ಬೀಳುತ್ತದೆ. 600 ಚದರ ಅಡಿಯ ಮಾಳಿಗೆಯ ನೀರೆಲ್ಲ ಹಿಂದಕ್ಕೆ ಬೀಳುವಂತಿದ್ದರೆ ಇನ್ನೂ 1,400 ಲೀಟರ್ ಸೇರುತ್ತದೆ. ಎಂದರೆ, ಮಳೆ ಒಂದು ಇಂಚಾದರೂ ಹಿತ್ತಲಿಗೆ ಒಂದೂವರೆ ಇಂಚು.

ಈಗ ಬಚ್ಚಲನ್ನು ನೋಡಿ. ಐದು ಜನರ ಮನೆಯಲ್ಲಿ ದಿನಕ್ಕೆ 275 ಲೀಟರ್ ಬಳಸಿದರೆ ಸ್ನಾನ, ಪಾತ್ರೆ, ಬಟ್ಟೆಯ ನೀರೆಂದು ಸುಮಾರು 200 ಲೀಟರ್ ಹಿತ್ತಲಿಗೆ ಬರುತ್ತದೆ. ವರ್ಷಕ್ಕೆ 73,000 ಲೀಟರ್. ಇದನ್ನು ಅದೇ ಹಿತ್ತಲಿನ ಮೇಲೆ ಹರಡಿದರೆ ಸುಮಾರು 650 ಮಿ.ಮೀ. ಆಗುತ್ತದೆ. ಒಂದು ವರ್ಷದ ಮಳೆಗೆ ಇದು ಹೆಚ್ಚು ಕಡಿಮೆ ಸಮ! ನಿಮ್ಮ ಹಿತ್ತಲಿಗೆ ವರ್ಷದಲ್ಲಿ ಎರಡು ಮಳೆಗಾಲ. ಎರಡನೆಯದಕ್ಕೆ ಬಿಡುವೇ ಇಲ್ಲ.

ಯಾವ ನೀರು ಎಂದು ಗುರುತಿಸುವುದು ಹೇಗೆ?

1. ಮಳೆ ಬಂದಾಗ ಮಾತ್ರ ನಿಂತು, ಎರಡು ಮೂರು ದಿನದಲ್ಲಿ ಇಳಿದು ಹೋದರೆ ಅದು ಮೇಲಿನ ನೀರು. ಇಳಿಜಾರು ಸರಿಯಿಲ್ಲ ಅಥವಾ ಮಾಳಿಗೆಯ ನೀರು ತಪ್ಪು ಜಾಗಕ್ಕೆ ಬೀಳುತ್ತಿದೆ ಎಂದು ತಿಳಿಯಿರಿ.

2. ಮಳೆಯಿಲ್ಲದಿದ್ದರೂ ಒಂದೇ ಕಡೆ, ಬಚ್ಚಲ ತೂಬಿನ ಸುತ್ತ, ಕಪ್ಪಗೆ ನಾರುತ್ತ ನಿಂತರೆ ಅದು ಬಚ್ಚಲ ನೀರು. ನಾಲ್ಕು ದಿನ ಮನೆಯವರೆಲ್ಲ ಊರಿಗೆ ಹೋದಾಗ ಒಣಗಿದ್ದರೆ ಸಂಶಯವೇ ಬೇಡ.

3. ನಾಲೆಗೆ ನೀರು ಬಿಟ್ಟ ಕೆಲವು ದಿನಗಳಲ್ಲಿ ಅಥವಾ ಕೆರೆ ತುಂಬಿದ ಮೇಲೆ ನೆಲ ತಾನಾಗಿಯೇ ಒಸರತೊಡಗಿದರೆ ಅದು ಕೆಳಗಿನಿಂದ ಬರುವ ಬಸಿನೀರು. ಜೊಂಡು, ಜೇಕು ಹುಲ್ಲು ತಾವಾಗಿ ಬೆಳೆದಿರುತ್ತವೆ. ಒಂದೆರಡು ಅಡಿ ಅಗೆದರೆ ಮಣ್ಣು ಬೂದು ಬಣ್ಣಕ್ಕಿದ್ದು, ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳು ಕಾಣುತ್ತವೆ. ಆ ಮಣ್ಣು ವರ್ಷದಲ್ಲಿ ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿರುತ್ತದೆ ಎಂಬುದಕ್ಕೆ ಇದು ಗುರುತು.

ಎರಡು ಕಾರಣಗಳು ಒಟ್ಟಿಗಿರಬಹುದು, ಮೂರೂ ಇರಬಹುದು. ಹಾಗಿದ್ದಾಗ ಒಂದೊಂದಾಗಿ ಕಳೆಯುತ್ತ ಹೋಗಿ. ಮೊದಲು ಬಚ್ಚಲ ನೀರನ್ನು ಒಂದು ವಾರ ಬೇರೆ ಕಡೆ ತಿರುಗಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ಎರಡು ಪರೀಕ್ಷಾ ಗುಂಡಿಗಳು

ಕೆಲಸಕ್ಕೆ ಕೈಹಾಕುವ ಮೊದಲು ಹಾರೆ ಹಿಡಿದು ಎರಡು ಗುಂಡಿ ತೆಗೆಯಿರಿ.

ಮೊದಲ ಗುಂಡಿ ಒಂದು ಅಡಿ ಚೌಕ, ಎರಡು ಅಡಿ ಆಳ. ಸಂಜೆ ತುಂಬ ನೀರು ಹಾಕಿ ಮಣ್ಣು ನೆನೆಯಲು ಬಿಡಿ. ಬೆಳಿಗ್ಗೆ ಮತ್ತೆ ಅರ್ಧದಷ್ಟು ನೀರು ಹಾಕಿ, ಒಂದು ಕಡ್ಡಿಯಲ್ಲಿ ಗುರುತು ಮಾಡಿ, ಒಂದು ಗಂಟೆಯ ಮೇಲೆ ನೋಡಿ. ಒಂದು ಇಂಚು ಅಥವಾ ಹೆಚ್ಚು ಇಳಿದಿದ್ದರೆ ನಿಮ್ಮ ಮಣ್ಣು ನೀರನ್ನು ಕುಡಿಯುತ್ತದೆ, ಇಂಗುಗುಂಡಿ ಮಾಡಬಹುದು. ಅದಕ್ಕಿಂತ ಕಡಿಮೆಯಾದರೆ ಇಂಗುಗುಂಡಿಯ ಆಸೆ ಬಿಡಿ. ಗರಸು ಬೆರೆತ ಕೆಂಪು ಮಣ್ಣು ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಗೆಲ್ಲುತ್ತದೆ. ಕೆರೆಯ ಕೆಳಗಿನ ಜೇಡಿಮಣ್ಣು, ಎರೆಮಣ್ಣು ಸೋಲುತ್ತವೆ.

ಎರಡನೆಯ ಗುಂಡಿ ಕಿರಿದಾಗಿರಲಿ, ಆದರೆ ನಾಲ್ಕೈದು ಅಡಿ ಆಳವಿರಲಿ. ಮಕ್ಕಳು, ಕುರಿ-ಕೋಳಿ ಬೀಳದಂತೆ ಕಲ್ಲುಚಪ್ಪಡಿ ಮುಚ್ಚಿ. ನಾಲೆಯಲ್ಲಿ ನೀರಿರುವಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಒಳಗೆ ಎಷ್ಟು ನೀರಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಮೂರು ಅಡಿಗೇ ನೀರು ಸಿಕ್ಕರೆ ಅಲ್ಲಿ ತೋಡುವ ಇಂಗುಗುಂಡಿ ಇಂಗುಗುಂಡಿಯಾಗದು, ಬಾವಿಯಾಗುತ್ತದೆ. ನಾಲೆ ಸೀಮೆಯಲ್ಲಿ ಬಹಳ ಗುಂಡಿಗಳು ಕೆಡುವುದು ಇಲ್ಲಿಯೇ. ಬೇಸಿಗೆಯಲ್ಲಿ ಒಣ ನೆಲ ನೋಡಿ ತೋಡಿರುತ್ತಾರೆ. ನಾಲೆ ಹರಿದಾಗ ಗುಂಡಿ ಕೆಳಗಿನಿಂದಲೇ ತುಂಬಿ, ಬಚ್ಚಲ ನೀರು ಹಿಂದಕ್ಕೆ ಬರುತ್ತದೆ.

ಮಟ್ಟ ನೋಡಿಕೊಳ್ಳಿ

ಕಣ್ಣಂದಾಜನ್ನು ನಂಬಬೇಡಿ. ಮೇಸ್ತ್ರಿಗಳು ಬಳಸುವ ಅರ್ಧ ಇಂಚಿನ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ 40 ಅಡಿ ಇದ್ದರೆ ಸಾಕು. ಗಾಳಿಯ ಗುಳ್ಳೆ ಇರದಂತೆ ನೀರು ತುಂಬಿ, ಒಂದು ತುದಿಯನ್ನು ಗೋಡೆಗೂ ಇನ್ನೊಂದನ್ನು ಗೂಟಕ್ಕೂ ಹಿಡಿದರೆ ಎರಡು ಕಡೆಯ ನೀರೂ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಅಳತೆ ಮಾಡಿದರೆ ಯಾವ ಮೂಲೆ ಎಷ್ಟು ತಗ್ಗು ಎಂದು ತಿಳಿಯುತ್ತದೆ. ಹಿತ್ತಲಿನ ನಾಲ್ಕು ಮೂಲೆ, ನಡುಭಾಗ, ಬೀದಿ ಚರಂಡಿಯ ತಳ, ಹತ್ತಿರದ ಹಳ್ಳ ಇವುಗಳ ಮಟ್ಟವನ್ನು ಒಂದು ಕಾಗದದ ಮೇಲೆ ಬರೆಯಿರಿ. ನೀರು ಹೊರಗೆ ಹೋಗಲು ಎಲ್ಲಿ ದಾರಿಯಿದೆ ಎಂಬುದು ಈ ಕಾಗದದಿಂದ ಗೊತ್ತಾಗುತ್ತದೆ.

ಮಳೆಯ ನೀರಿಗೆ

ಮಾಳಿಗೆಯ ಅಥವಾ ಹೆಂಚಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ತಗಡಿನ ಇಲ್ಲವೆ ಪಿ.ವಿ.ಸಿ. ದೋಣಿ ಕಟ್ಟಿ, ಕೊಳವೆಯಲ್ಲಿ ತೊಟ್ಟಿಗೆ ಇಳಿಸಿ. ದನಕರುಗಳಿಗೂ ಗಿಡಗಳಿಗೂ ಅದು ಒಳ್ಳೆಯ ನೀರು. ತುಂಬಿ ಹೆಚ್ಚಾದದ್ದು ಕಾಲುವೆಗೆ ಹೋಗಲಿ.

ಗೋಡೆಯಿಂದ ಮೊದಲ ಆರು ಅಡಿಯಲ್ಲಿ ಮೂರು ನಾಲ್ಕು ಇಂಚು ಇಳಿಜಾರು ಇರಲೇಬೇಕು. ಆಮೇಲೆ ಹತ್ತು ಅಡಿಗೆ ಒಂದು ಇಂಚು ಸಾಕು. ಹಿತ್ತಲಿನ ಅಂಚಿನಲ್ಲಿ ಒಂದು ಅಡಿ ಅಗಲದ, ಅರ್ಧ ಅಡಿ ಆಳದ ತೆರೆದ ಕಾಲುವೆ ತೆಗೆದು ಗರಿಕೆ ಹತ್ತಿಸಿ. ಗರಿಕೆ ಮಣ್ಣನ್ನು ಕೊಚ್ಚಿಹೋಗದಂತೆ ಹಿಡಿಯುತ್ತದೆ.

ಮಣ್ಣು ಹೊಡೆಸುವುದೇ ಆದರೆ ಎರಡು ಮಾತು ನೆನಪಿಡಿ. ಕೆರೆಯ ಗೋಡನ್ನು ಹಿತ್ತಲಿಗೆ ತುಂಬಬೇಡಿ. ಹೊಲಕ್ಕೆ ಅದು ಚಿನ್ನ. ಇಲ್ಲಿ ಮುಚ್ಚಳ ಹಾಕಿದಂತೆ ನೀರನ್ನು ತಡೆಯುತ್ತದೆ. ಗರಸು ಮಣ್ಣೇ ಇರಲಿ. ಎಷ್ಟೇ ತುಂಬಿದರೂ ಹಿತ್ತಲಿನ ನೆಲ ಮನೆಯೊಳಗಿನ ನೆಲಕ್ಕಿಂತ ಒಂದು ಅಡಿಯಾದರೂ ಕೆಳಗಿರಬೇಕು.

ಬಚ್ಚಲ ನೀರಿಗೆ

ಈ 200 ಲೀಟರನ್ನು ಕೊಳಚೆಯೆನ್ನುವ ಮೊದಲು ಇನ್ನೊಂದು ಲೆಕ್ಕ ನೋಡಿ. ಫಲಕ್ಕೆ ಬಂದ ತೆಂಗಿನ ಮರಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 50 ಲೀಟರ್ ನೀರು ಬೇಕು. ಅಂದರೆ ನಿಮ್ಮ ಬಚ್ಚಲು ನಾಲ್ಕು ತೆಂಗಿನ ಮರಗಳನ್ನು ಸಾಕಬಲ್ಲದು. ನೀರು ನಿಲ್ಲುವುದು ಅದೆಲ್ಲವೂ ಒಂದೇ ಕಡೆ ಬೀಳುವುದರಿಂದ.

ಬಚ್ಚಲ ತೂಬಿನ ಹೊರಗೆ ಒಂದೂವರೆ ಅಡಿ ಚೌಕದ ಸಣ್ಣ ತೊಟ್ಟಿ ಕಟ್ಟಿ, ಜಾಲರಿ ಇಡಿ. ಕೂದಲು, ಸಾಬೂನಿನ ಕೆನೆ, ಅನ್ನದ ಅಗುಳು ಅಲ್ಲಿಯೇ ನಿಲ್ಲಲಿ. ವಾರಕ್ಕೊಮ್ಮೆ ತೆಗೆದು ತಿಪ್ಪೆಗೆ ಹಾಕಿ. ಅಲ್ಲಿಂದ ಎರಡು ಕವಲು ಕಾಲುವೆ ಮಾಡಿ. ಈ ವಾರ ಒಂದು ಕವಲಿಗೆ, ಮುಂದಿನ ವಾರ ಇನ್ನೊಂದಕ್ಕೆ ತಿರುಗಿಸಿ. ತೆಂಗಿನ ಬುಡಕ್ಕೆ ಅಂಟಿದಂತೆ ನೀರು ನಿಲ್ಲಿಸದೆ, ಆರು ಅಡಿ ದೂರದ ಸುತ್ತುಪಾತಿಗೆ ಬಿಡಿ. ಬಾಳೆಯನ್ನು ಕಾಲುವೆಯ ಪಕ್ಕದ ಏರಿನ ಮೇಲೆ ನೆಡಿ. ಕೆಸುವನ್ನು ಕಾಲುವೆಯ ಅಂಚಿನಲ್ಲಿ ಹಾಕಬಹುದು. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಮೂಲಂಗಿಗೆ ಈ ನೀರು ಬೇಡ. ಶೌಚಾಲಯದ ನೀರನ್ನಂತೂ ಎಂದಿಗೂ ಇದಕ್ಕೆ ಸೇರಿಸಬಾರದು.

ಒಂದೇ ಜಾಗಕ್ಕೆ ಏಕೆ ಬಿಡಬಾರದು? ಸಾಬೂನು, ಬಟ್ಟೆಯ ಪುಡಿಗಳಲ್ಲಿ ಸೋಡಿಯಂ ಅಂಶ ಇರುತ್ತದೆ. ಅದು ಸೇರುತ್ತ ಹೋದಂತೆ ಜೇಡಿ ಕಣಗಳು ಬಿಡಿಸಿಕೊಂಡು, ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ. ಕರಲು ಭೂಮಿಯಲ್ಲಿ ನಡೆಯುವುದೂ ಇದೇ. ವರ್ಷಗಟ್ಟಲೆ ಬಚ್ಚಲ ನೀರು ಕುಡಿದ ಜಾಗದಲ್ಲಿ ಮಳೆನೀರೂ ಇಳಿಯದಿರುವುದು ಇದರಿಂದಲೇ.

ಮಣ್ಣು ಪರೀಕ್ಷೆಯಲ್ಲಿ ಗೆದ್ದಿದ್ದರೆ ಇಂಗುಗುಂಡಿ, ನಮ್ಮ ಪಂಚಾಯಿತಿಗಳಲ್ಲಿ ಹೇಳುವ ಬಚ್ಚಲುಗುಂಡಿ, ಮಾಡಬಹುದು. ಮೂರೂವರೆ ಅಡಿ ಉದ್ದ, ಅಗಲ, ಆಳ ಇದ್ದರೆ ಐದು ಜನರ ಮನೆಗೆ ಸಾಲುತ್ತದೆ. ತಳದಲ್ಲಿ ದಪ್ಪ ಕಲ್ಲು, ಮೇಲೆ ಒಡೆದ ಇಟ್ಟಿಗೆ, ಅದರ ಮೇಲೆ ಸಣ್ಣ ಜಲ್ಲಿ ತುಂಬಿ, ಚಪ್ಪಡಿ ಮುಚ್ಚಿ. ಮನೆಯ ಗೋಡೆಯಿಂದ 10 ಅಡಿ, ಕುಡಿಯುವ ನೀರಿನ ಬಾವಿ ಅಥವಾ ಕೊಳವೆಬಾವಿಯಿಂದ 60 ಅಡಿ ದೂರವಿರಲಿ. ಗುಂಡಿಯ ತಳ ನಾಲೆ ಕಾಲದ ನೀರಿನ ಮಟ್ಟಕ್ಕಿಂತ ಐದು ಅಡಿಯಾದರೂ ಮೇಲಿರಲಿ. ಈ ಮೂರರಲ್ಲಿ ಒಂದು ತಪ್ಪಿದರೂ ಗುಂಡಿ ಬೇಡ. ಕವಲು ಕಾಲುವೆಯೇ ಮೇಲು.

ಬಸಿನೀರಿಗೆ

ಕೆಳಗಿನಿಂದ ಬರುವ ನೀರನ್ನು ಹಿತ್ತಲಿಗೆ ಬಂದ ಮೇಲೆ ಹಿಡಿಯುವುದು ಕಷ್ಟ. ಬರುವ ದಾರಿಯಲ್ಲಿಯೇ ತಡೆಯಬೇಕು. ನಾಲೆ, ಕೆರೆ ಅಥವಾ ಗದ್ದೆ ಇರುವ ಮೇಲ್ಭಾಗದ ಅಂಚಿನಲ್ಲಿ, ಇಳಿಜಾರಿಗೆ ಅಡ್ಡವಾಗಿ, ಒಂದು ಅಡಿ ಅಗಲ, ಮೂರು ಅಡಿ ಆಳದ ಬಸಿಗಾಲುವೆ ತೋಡಿ. ತಳಕ್ಕೆ ಹತ್ತು ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಡಿ. ಎರಡು ಇಂಚು ಜಲ್ಲಿ ಹಾಸಿ, ತೂತು ಕೊರೆದ ನಾಲ್ಕು ಇಂಚಿನ ಪಿ.ವಿ.ಸಿ. ಕೊಳವೆಯನ್ನು ತೂತುಗಳು ಕೆಳಮುಖವಾಗಿರುವಂತೆ ಮಲಗಿಸಿ. ಸುತ್ತಲೂ ಜಲ್ಲಿ, ಮೇಲೆ ಅರ್ಧ ಅಡಿ ದಪ್ಪ ಮರಳು, ಕೊನೆಗೆ ಮಣ್ಣು. ಮರಳು ಹಾಕದಿದ್ದರೆ ಎರಡು ಮಳೆಗೆ ಕೊಳವೆ ಹೂಳು ತುಂಬುತ್ತದೆ.

ಮೇಸ್ತ್ರಿಗಳು ಇದನ್ನು ಫ್ರೆಂಚ್ ಡ್ರೈನ್ ಎನ್ನುವುದುಂಟು. ಇದಕ್ಕೂ ಫ್ರಾನ್ಸ್ ದೇಶಕ್ಕೂ ಸಂಬಂಧವಿಲ್ಲ. ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬುವರು 1859ರಲ್ಲಿ ಹೊಲಗಳ ಬಸಿಗಾಲುವೆಯ ಬಗ್ಗೆ ಬರೆದ ಪುಸ್ತಕದಿಂದ ಈ ಹೆಸರು ಬಂದಿದೆ. ಹೊಲಕ್ಕಾಗಿ ಹೇಳಿದ ಉಪಾಯ ಮನೆಗೆ ಬಂದಿದೆಯಷ್ಟೆ.

ಕಾಲುವೆಯ ತುದಿ ತಳಕ್ಕಿಂತ ತಗ್ಗಾದ ಜಾಗಕ್ಕೆ ತೆರೆಯಬೇಕು. ಅಂತಹ ಜಾಗವಿಲ್ಲದಿದ್ದರೆ ಈ ಕೆಲಸಕ್ಕೆ ಹಣ ಹಾಕಬೇಡಿ; ಗಿಡಗಳನ್ನು ಎರಡು ಅಡಿ ಎತ್ತರದ ದಿಬ್ಬಗಳ ಮೇಲೆ ಬೆಳೆಸಿಕೊಳ್ಳಿ. ಹಳೆಯ ಮಣ್ಣಿನ ಗೋಡೆಯ ಹತ್ತಿರ ಆಳವಾಗಿ ಅಗೆಯಬೇಡಿ. ಐದಾರು ಅಡಿಯಾದರೂ ದೂರ ಬಿಡಿ. ಒದ್ದೆ ನೆಲದಲ್ಲಿ ಗುಂಡಿಯ ಬದಿ ಹಠಾತ್ತನೆ ಕುಸಿಯುತ್ತದೆ. ಆಳದಲ್ಲಿ ಒಬ್ಬರೇ ಇಳಿದು ಕೆಲಸ ಮಾಡಬೇಡಿ.

ಗಿಡಗಳ ಆರೈಕೆ

ಪರಂಗಿ ಮತ್ತು ನುಗ್ಗೆ ಎಲ್ಲಕ್ಕಿಂತ ಬೇಗ ಸಾಯುತ್ತವೆ. ಬೇರು ಉಸಿರಾಡಲು ಅವಕ್ಕೆ ಗಾಳಿ ಬೇಕು. ನಿಂಬೆಯ ಕಾಂಡದಲ್ಲಿ ಅಂಟು ಒಸರಿದರೆ ಬುಡದಲ್ಲಿ ನೀರು ನಿಲ್ಲುತ್ತಿದೆ ಎಂದು ನೋಡಿ. ತೆಂಗಿನಲ್ಲಿ ಗರಿ ಹಳದಿಯಾಗಿ, ಹರಳು ಉದುರಿದರೆ ಗೊಬ್ಬರ ಹಾಕುವ ಮೊದಲು ನೀರು ಬಸಿಯಿರಿ. ನೀರು ಬಸಿಯದ ಮಣ್ಣಿಗೆ ಜಿಪ್ಸಂ ಹಾಕಿದರೂ ಪ್ರಯೋಜನವಿಲ್ಲ. ಅದು ಬಿಡಿಸಿದ ಸೋಡಿಯಂ ನೀರಿನೊಡನೆ ಕೆಳಗಿಳಿದು ಹೊರಗೆ ಹೋಗಬೇಕು. ಎಷ್ಟು ಬೇಕೆಂಬುದನ್ನು ಮಣ್ಣು ಪರೀಕ್ಷೆಯ ನಂತರವೇ ನಿರ್ಧರಿಸಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ವಿಚಾರಿಸಬಹುದು.

ನೆರೆಮನೆಯವರೊಡನೆ ಮಾತಾಡಿ

ನಿಮ್ಮ ಹಿತ್ತಲು ಒಣಗಿ ಪಕ್ಕದವರ ಹಿತ್ತಲು ಜೌಗಾದರೆ ಅದು ಪರಿಹಾರವಲ್ಲ, ಜಗಳಕ್ಕೆ ಕೊಟ್ಟ ಆಹ್ವಾನ. ಒಂದು ಸಾಲಿನ ಮನೆಗಳ ನೀರು ಸಾಮಾನ್ಯವಾಗಿ ಒಂದೇ ಕಡೆಗೆ ಇಳಿಯುತ್ತದೆ. ಗುದ್ದಲಿ ಹಾಕುವ ಮೊದಲು ಮಟ್ಟ ಬರೆದ ಕಾಗದ ಹಿಡಿದು ಎಲ್ಲರೂ ಕುಳಿತು ನೋಡಿ. ಐದು ಮನೆಗಳಿಗೆ ಸೇರಿ ಒಂದು ಹೊರಗಾಲುವೆ ಮಾಡಿದರೆ ಒಬ್ಬೊಬ್ಬರ ಖರ್ಚೂ ಇಳಿಯುತ್ತದೆ. ಹಿಂದೆ ನೀರು ಹೋಗುತ್ತಿದ್ದ ಹಳ್ಳ ಎಲ್ಲಿತ್ತೆಂದು ಹಿರಿಯರಿಗೆ ಗೊತ್ತಿರುತ್ತದೆ. ಗ್ರಾಮ ನಕ್ಷೆಯಲ್ಲಿಯೂ ಗುರುತು ಸಿಗಬಹುದು. ಅದು ಮುಚ್ಚಿಹೋಗಿದ್ದರೆ ತೆರೆಸುವ ಕೆಲಸಕ್ಕೆ ಪಂಚಾಯಿತಿಗೆ ಒಟ್ಟಾಗಿ ಅರ್ಜಿ ಕೊಡಿ. ಬೀದಿಗೆ ಹೊಸ ಕಾಂಕ್ರೀಟ್ ಬರುವುದೆಂದು ತಿಳಿದರೆ ಹಳೆಯ ಪದರವನ್ನು ಅಗೆದು ತೆಗೆಯುವಂತೆಯೂ, ಚರಂಡಿಯ ತಳ ಮನೆಗಳ ಹಿತ್ತಲಿಗಿಂತ ತಗ್ಗಿರುವಂತೆಯೂ ಕೆಲಸ ಶುರುವಾಗುವ ಮೊದಲೇ ಕೇಳಿ. ಮಾಡಿ ಮುಗಿಸಿದ ಮೇಲೆ ಕೇಳಿದರೆ ಫಲವಿಲ್ಲ. ಬಚ್ಚಲ ನೀರನ್ನು ಊರ ಕೆರೆಗೆ ಮಾತ್ರ ಯಾರೂ ತಿರುಗಿಸಬೇಡಿ.

ಯಾವಾಗ ಏನು ಮಾಡಬೇಕು?

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನೋಡುವ ಕಾಲ. ನೀರು ಎಲ್ಲಿ, ಎಷ್ಟು ದಿನ ನಿಲ್ಲುತ್ತದೆ ಎಂದು ಗೂಟ ಹೊಡೆದು ಗುರುತಿಸಿ. ನಾಲೆಯಲ್ಲಿ ನೀರಿರುವಾಗ ಆಳದ ಗುಂಡಿ ನೋಡಿ. ಫೆಬ್ರವರಿಯಿಂದ ಏಪ್ರಿಲ್ ವರೆಗೆ ಅಗೆಯುವ ಕಾಲ. ನೆಲ ಒಣಗಿರುತ್ತದೆ, ಗೋಡೆಗೆ ಅಪಾಯ ಕಡಿಮೆ. ಮೇ ತಿಂಗಳ ಮುಂಗಾರುಪೂರ್ವ ಮಳೆಯಲ್ಲಿ ಕಾಲುವೆ ಹೇಗೆ ಹರಿಯುತ್ತದೆಂದು ಪರೀಕ್ಷಿಸಿ, ಕೊರತೆ ಇದ್ದರೆ ತಿದ್ದಿ. ಆಮೇಲೆ ವರ್ಷಕ್ಕೆ ಎರಡು ಸಲ ಹೂಳು ತೆಗೆದರೆ ಸಾಕು.

ಬಚ್ಚಲ ನೀರನ್ನು ತಿರುಗಿಸಲು ಒಂದು ದಿನದ ಗುದ್ದಲಿ ಕೆಲಸ ಸಾಕು. ಅದನ್ನು ಮೊದಲು ಮಾಡಿ. ಬಹಳ ಹಿತ್ತಲುಗಳಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗುವುದೇ ಇಲ್ಲ.